ಹೊಳೆಯುವ ಮೊಂಡ ಚಾಕು

ಮೊದಲ ಗೀರಿಗೇ ಹಲಗೆ ಕಿತ್ತುಬಂತು.

ಮಿರಜದ ಗುರುಸಿದ್ಧಪ್ಪನವರ ಕೆತ್ತನೆ ಶಾಲೆ. ಬೆಳಿಗ್ಗೆ ಒಂಬತ್ತು. ಸುಖದಾ ಚಾಕು ಊರಿ ಎಳೆದಳು. ತ್ರಿಕೋನದ ಚಕ್ಕೆ ಪಟ್ಟನೆ ಹಾರಬೇಕಿತ್ತು. ಹಾರಲಿಲ್ಲ. ನಾರುನಾರಾಗಿ ಹರಿಯಿತು. ನಿನ್ನೆ ಸಂಜೆ ಗಾಳಿಯನ್ನೇ ಸೀಳುತ್ತಿದ್ದ ಚಾಕು ಇಂದು ಬೆಣ್ಣೆಗೂ ಹೆದರುವಂತಿತ್ತು.

ಹನ್ನೆರಡಕ್ಕೆ ನಿಲೇಶ ಬರುವವನಿದ್ದ. ಸಿತಾರ್ ಕಾರ್ಖಾನೆಯ ಮಾಲೀಕ. ಸಿತಾರಿನ ಜೊತೆ ಕೊಡುವ ಪುಟ್ಟ ಪೆಟ್ಟಿಗೆಗಳಿಗೆ ಕೆತ್ತಿದ ಮುಚ್ಚಳ ಬೇಕಿತ್ತು. ಇಪ್ಪತ್ತು ವರ್ಷ ಅವನ್ನು ಕೆತ್ತಿದವರು ಗುರುಸಿದ್ಧಪ್ಪನವರೇ. ಈ ಸಲ ಮಾತ್ರ "ಶಿಷ್ಯರ ಕೈ ನೋಡ್ತೀನಿ" ಎಂದಿದ್ದ. ಗೆದ್ದವರಿಗೆ ಕಾಯಂ ಕೆಲಸ. ಸುಖದಾ ಕಲಿಯಲು ಸೇರಿ ಬರೀ ಮೂರು ತಿಂಗಳು. ಅವಳ ಬಳಿ ಒಣಗಿದ ಹಲಗೆ ಇನ್ನು ಒಂದೇ ಉಳಿದಿತ್ತು.

ಅವಳು ಅಳುತ್ತಲೇ ಸಾಂಗ್ಲಿಗೆ, ಚಾಕು ಮಾರಿದ ನೀಲಗಂಗವ್ವನಿಗೆ ಫೋನು ಹಚ್ಚಿದಳು.

"ಮಾವಶಿ, ನಿಮ್ಮ ಚಾಕು ಕೈ ಕೊಟ್ಟತ್ರಿ!"

*

ಸಾಂಗ್ಲಿ ಪೇಟೆಯಲ್ಲಿ ಚಾಕು ಮಾರುವ ನೀಲಗಂಗವ್ವ ಅಲಗು ಕಂಡರೆ ಮಸೆದವರ ಜಾತಕ ಹೇಳುತ್ತಾಳೆಂದು ಮೂರು ಜಿಲ್ಲೆ ನಂಬಿತ್ತು. ನಂಬಿಸಿದ್ದು ಅವಳೇ. ಬೇರೆಯವರ ಹೊಟ್ಟೆಕಿಚ್ಚಿನ ವಾಸನೆಯಂತೂ ಅವಳಿಗೆ ಹರದಾರಿ ದೂರದಿಂದ ಹತ್ತುತ್ತಿತ್ತು. ಹತ್ತದೇನು! ಎದುರಂಗಡಿಯ ಮೇಲಿನ ಹೊಟ್ಟೆಕಿಚ್ಚಿನಲ್ಲಿ ಅವಳು ದಿನಾ ಎರಡು ಹೊತ್ತು ರೊಟ್ಟಿ ಸುಡಬಹುದಿತ್ತು.

ಸುಖದಾ ಮೊದಲು ಕಣ್ಣು ಹಾಕಿದ್ದೂ ಎದುರಂಗಡಿಯ ಹನ್ನೆರಡು ಚಾಕುಗಳ ಸೆಟ್ಟಿನ ಮೇಲೇ. ನೀಲಗಂಗವ್ವ ಅವಳನ್ನು ಬೀದಿಯಿಂದಲೇ ಎಳೆದುತಂದಿದ್ದಳು.

"ಹನ್ನೆರಡು ಸರ್ಕಸ್ಸಿನವ್ರಿಗೆ ಬೇಕವ್ವಾ. ಹೊಸದಾಗಿ ಕಲಿಯಾಕಿಗಿ ಒಂದ ಸಾಕು. ಅಲಗು ಗಿಡ್ಡ ಇರಬೇಕು, ಹಿಡಿ ಮುಷ್ಟಿ ತುಂಬಬೇಕು."

ಅಂಥ ಚಾಕುವಿಗೆ ಕೆಟ್ಟ ಹೆಸರೇ? ನೀಲಗಂಗವ್ವ ಸಿಕ್ಕ ಬಸ್ಸು ಹತ್ತಿದಳು. ಬಸ್ಸು ಹಾರಿತೆಂದೇ ಅವಳು ಇಂದಿಗೂ ಹೇಳುತ್ತಾಳೆ.

*

"ಹೊಸದಾಗಿ ಬಂದಾಕಿ ನೋಡ್ರಿ," ಎಂದರು ಗುರುಸಿದ್ಧಪ್ಪ, ಶಾಲೆಗೆ ಬಂದಿಳಿದ ನೀಲಗಂಗವ್ವನಿಗೆ. "ಚಾಕು ಎತ್ತಿ ಹಿಡದು ಮಸದಾಳ. ಅಲಗು ಸತ್ತತಿ."

"ಇಲ್ರಿ ಗುರುಗಳ! ಚಾಕುವಿನ ಬೆನ್ನಿನ ಕೆಳಗ ರೂಪಾಯಿ ನಾಣ್ಯ ಇಟ್ಟು, ಅಷ್ಟ ಎತ್ತರ ನೋಡೇ ಮಸದೀನ್ರಿ. ಖರೇನ!"

"ಮಸದ ಮ್ಯಾಲ ತೊಗಲಿಗೆ ಎಳದಿ?"

ಸುಖದಾ ತಲೆ ತಗ್ಗಿಸಿದಳು. "ಮರತೆನ್ರಿ."

"ದಿನಾ ಬಡಕೋತೀನಿ! ಕಲ್ಲಿನ ಗೀರು ಹೋಗಬೇಕಂದ್ರ ತೊಗಲಿನ ಪಟ್ಟಿಗೆ ಎಳೀಬೇಕಂತ. ಒಬ್ಬರೂ ಅದನ್ನ ಮುಟ್ಟಂಗಿಲ್ಲ."

ನೀಲಗಂಗವ್ವನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಅಜಿತ. ಎಂಟು ವರ್ಷದ ಹಳೆಯ ಶಿಷ್ಯ. ಕೈತುಂಬ ಮಸೆಗಲ್ಲಿನ ಬೂದು ರಾಡಿ.

"ಇವತ್ತ ಮದಲ ಬಂದಾವ ಯಾರಪಾ?"

"ನಾನ್ರಿ. ನಂದ ಚಾಕು ಮಸಿಯಾಕ."

"ಈಕಿ ಮ್ಯಾಲ ಹೊಟ್ಟಿ ಉರೀತತೇನು?"

"ಉರೀದಂಗ ಇರತೈತೇನ್ರಿ? ನಿನ್ನೆ ಮೊನ್ನೆ ಬಂದಾಕಿ ನನ್ನ ಮುಂದ ಕುಂತಾಳ! ಆದ್ರ ಆಕಿ ಚಾಕು ನಾ ಮುಟ್ಟಿಲ್ಲ."

ಇಷ್ಟು ಜೋರಾಗಿ ಉರಿಯುವವನು ಕದ್ದು ಕೆಲಸ ಮಾಡುವುದು ಕಡಿಮೆ. ನೀಲಗಂಗವ್ವ ಚಾಕುವನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಹರಿತವಾದ ಅಂಚು ಬೆಳಕಿಗೆ ಕಾಣುವುದಿಲ್ಲ. ಇದರ ಅಂಚಿನುದ್ದಕ್ಕೂ ಬಿಳಿ ಗೆರೆ. ಉಗುರಿನ ಮೇಲೆ ಇಟ್ಟಳು, ಹರಿತವಿದ್ದರೆ ಕಚ್ಚಬೇಕು. ಜಾರಿತು.

ಮತ್ತೊಮ್ಮೆ ನೋಡಿದಳು. ತುಟಿಯಂಚಿನಲ್ಲಿ ನಕ್ಕಳು.

ಚೀಲದಿಂದ ಎರಡು ಚಾಕು ತೆಗೆದು ಗುರು-ಶಿಷ್ಯರ ಮುಂದಿಟ್ಟಳು. "ಹೊಸಾ ಮಾಲು. ನಾಕ ಸಲ ಮಸದ ಕೊಡ್ರಿ. ಉಕ್ಕು ಹ್ಯಾಂಗೈತಿ ನೋಡೂಣು."

ಅಜಿತ ಗರಗರ ಮಸೆದ. ಪ್ಯಾಂಟಿಗೆ ಒರೆಸಿದ. ಕೊಟ್ಟ.

"ಈ ಸಲ ದ್ರಾಕ್ಷಿ ಹ್ಯಾಂಗ್ರಿ, ಗುರುಸಿದ್ಧಪ್ಪಣ್ಣಾ?" ಎಂದು ನೀಲಗಂಗವ್ವ ಮಾತು ತೆಗೆದಳು. ಗುರುಗಳು ಮಾಲಗಾಂವದ ತೋಟದ ಸುದ್ದಿ ಹೇಳುತ್ತ ಮಸೆದರು. ಹೇಳುತ್ತಲೇ, ನೋಡದೆಯೇ, ಕೈ ಚಾಚಿ ತೊಗಲಿನ ಪಟ್ಟಿ ಎಳೆದುಕೊಂಡರು. ಸರ್, ಸರ್. ಆ ಕಡೆ ಹತ್ತು, ಈ ಕಡೆ ಹತ್ತು.

"ಸಾಕ್ರಿ," ಎಂದಳು ನೀಲಗಂಗವ್ವ. "ಸಿಕ್ಕತು."

*

"ಏನು ಸಿಕ್ಕತು?"

"ಮೊಂಡ ಮಾಡಿದ ಕೈ. ಕಲ್ಲಿಗೆ ಚಾಕು ಎತ್ತಿ ಹಿಡದು ಎಳದ್ರ ಅಂಚು ಚಪ್ಪಟಿ ಆಗತೈತಿ. ಆ ಚಪ್ಪಟಿ ಮ್ಯಾಲ ಕಲ್ಲಿನ ಗೀರು ಇರಬೇಕು. ಇದರಾಗ ಒಂದೂ ಇಲ್ಲ. ಕನ್ನಡಿ ಹೊಳದಂಗ ಹೊಳೀತತಿ. ಅಂದ್ರ ಮೊಂಡ ಮಾಡಿದ ಮ್ಯಾಲ ಯಾರೋ ತೊಗಲಿಗೆ ಎಳದಾರ. ಕೆಡಿಸಿದ್ದನ್ನ ಯಾರರ ಹೊಳಪ ಮಾಡ್ತಾರೇನ್ರಿ? ಸುಖದಾ ಮರೀತಾಳ. ಅಜಿತ ಪ್ಯಾಂಟಿಗೆ ಒರಸ್ತಾನ. ಮನಸು ಕೆಡಿಸಿದ್ರೂ ತಾನಾಗೇ ಪಟ್ಟಿ ಹುಡುಕೂ ಕೈ ಈ ಮನಿಯಾಗ ಒಂದ ಐತಿ. ನಲವತ್ತು ವರ್ಷ ಪಳಗಿದ್ದು."

ಗುರುಸಿದ್ಧಪ್ಪನವರ ಕೈ ಪಟ್ಟಿಯ ಮೇಲೆ ಇದ್ದಲ್ಲೇ ನಿಂತಿತು. ಅದನ್ನು ಅವರು ಬೇರೆ ಯಾರದೋ ಕೈ ಎಂಬಂತೆ ನೋಡಿದರು.

"ನಿನ್ನೆ ಈಕಿ ಕೆತ್ತಿದ್ದ ತ್ರಿಕೋನದ ಮೂಲಿ ನೋಡಿದೆ," ಎಂದರು ಕೊನೆಗೆ. "ಮೂರೂ ಗೀರು ಒಂದ ಬಿಂದುವಿಗೆ ಕೂಡಿದ್ವು. ನನಗ ಹಂಗ ಬರಾಕ ಹತ್ತು ವರ್ಷ ಹಿಡದಿತ್ತು. ಎಲ್ಲಾರೂ ಮನಿಗಿ ಹೋದ ಮ್ಯಾಲ... ಎರಡ ಸಲ ಎತ್ತಿ ಎಳದೆ. ಪಟ್ಟಿಗೆ ಎಳದದ್ದು ನನಗ ಗೊತ್ತಿಲ್ಲ."

ಸುಖದಾ ಅಳುವುದನ್ನು ಮರೆತಳು.

"ಹನ್ನೊಂದಾತು," ಎಂದಳು ನೀಲಗಂಗವ್ವ. "ಕೆಡಿಸಿದಾವ್ರ ಮಸದ ಕೊಡ್ರಿ."

ಗುರುಗಳು ಕಲ್ಲಿಗೆ ನೀರು ಚಿಮುಕಿಸಿದರು. ಚಾಕುವಿನ ಬೆನ್ನನ್ನು ನಾಣ್ಯದಷ್ಟೇ ಎತ್ತಿದರು. ಕಾಲು ಗಂಟೆ ಮಸೆದರು. ಆಮೇಲೆ ಪಟ್ಟಿ. ಈ ಸಲ ಕಣ್ಣಿಟ್ಟು ಎಳೆದರು.

ಸುಖದಾ ಕೊನೆಯ ಹಲಗೆಗೆ ಚಾಕು ಊರಿದಳು. ಚಕ್ಕೆ ಪಟ್ಟನೆ ಹಾರಿ ಗುರುಗಳ ತೊಡೆಯ ಮೇಲೆ ಬಿತ್ತು. ಅವರು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

*

ನಿಲೇಶ ಶಿಷ್ಯರಿಬ್ಬರ ಮುಚ್ಚಳಗಳನ್ನೂ ನೋಡಿದ. ಸುಖದಾಳದನ್ನು ಕೆಳಗಿಡಲೇ ಇಲ್ಲ.

"ಸೋಮವಾರದಿಂದ ಕೆಲಸಕ್ಕ ಬಾ. ಏನ್ ಹರಿತ ಅದವ ಈ ಗೀರು! ಮಸದಾವ್ರು ಯಾರು?"

ಸುಖದಾ ಒಂದು ಗಳಿಗೆ ಗುರುಗಳನ್ನೇ ನೋಡಿದಳು. "ನಮ್ಮ ಗುರುಗಳ್ರಿ."

ಗುರುಸಿದ್ಧಪ್ಪ ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಅಲುಗಿದ್ದನ್ನು ಎಲ್ಲರೂ ಕಂಡರು.

ಕೆತ್ತಿದವಳಿಗೆ ಕೆಲಸ ಸಿಕ್ಕಿತು. ಮಸೆದವರಿಗೆ ಹೆಸರು ಸಿಕ್ಕಿತು. ಚಾಕು ಮಾರಿದ್ದು ಯಾರೆಂದು ಮಾತ್ರ ಒಬ್ಬ ಪ್ರಾಣಿಯೂ ಕೇಳಲಿಲ್ಲ. ಸಾಂಗ್ಲಿಯ ಬಸ್ಸಿನಲ್ಲಿ ನೀಲಗಂಗವ್ವನ ಹೊಟ್ಟೆ ಎಷ್ಟು ಉರಿಯಿತೆಂದರೆ, ಪಕ್ಕದಲ್ಲಿ ಕುಳಿತವನು ಎದ್ದು ಕಿಟಕಿ ತೆರೆದ.