ಸಾ ಕೊಟ್ಟವಳು

"ಈ ಪೆಟ್ಗೆ ಮುಂದೆ ಕೂತ್ಕಂಡು ಯಾರ್ನೂ 'ಸಾ ಕೊಡು' ಅಂತ ಮಾತ್ರ ಕೇಳ್ಬ್ಯಾಡಿ ಸಾರ್. ಕೊಟ್ಟೋರ್ಗೆ ಅದು ವಾಪಸ್ ಬರಾಕಿಲ್ಲ."

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಇಮಾಮ್ ಸಾಬರು ಲೇತ್ ನಿಲ್ಲಿಸಿ ಇಷ್ಟು ಹೇಳಿದರು. ಸಿದ್ಧಾರ್ಥ ನಕ್ಕುಬಿಟ್ಟ. ಓದಿದವರಿಗೆ ಇಂಥ ಕಡೆ ನಗು ಬೇಗ ಬರುತ್ತದೆ. ಹಾರೋಹಳ್ಳಿಯ ಹೊಸ ಫ್ಯಾಕ್ಟರಿಗೆ ಮೈಸೂರಿನಿಂದ ಇಂಜಿನಿಯರಾಗಿ ಬಂದು ಅವನಿಗೆ ಮೂರು ತಿಂಗಳಾಗಿತ್ತು. ರಾಮನಗರದ ಗುಜರಿ ಅಂಗಡಿಯಲ್ಲಿ ಕಡ್ಡಿಯಿಂದ ಬಡಿದು ನುಡಿಸುವ ಈ ಹಳೇ ತಂತಿಪೆಟ್ಟಿಗೆ, ಸಂತೂರ್, ಸಿಕ್ಕಿತ್ತು. ತಂತಿಗಳನ್ನು ಎತ್ತಿಹಿಡಿಯುವ 'ಕುದುರೆ'ಗಳೆಂಬ ಮರದ ತುಂಡುಗಳು ಮುರಿದಿದ್ದರಿಂದ ಹೊಸವನ್ನು ಕಡೆಸಲು ಸಾಬರ ಹತ್ತಿರ ತಂದಿದ್ದ.

"ಒಳಗೆ ಅರಗು ಹಾಕಿ ತಗಡು ಅಂಟ್ಸವ್ರೆ ಸಾರ್, ನಾನೇ ಬೆಳಕು ಬುಟ್ಟು ನೋಡಿವ್ನಿ. ಇದ್ನ ಬಾರ್ಸ್ತಿದ್ದೋರ ಮ್ಯಾಲೆ ಹೊಟ್ಟೆಕಿಚ್ಚಿಗೆ ಯಾರೋ ಮಾಟ ಮಾಡ್ಸವ್ರೆ. ತಗಡು ಕೀಳಾಕೋದ್ರೆ ಮರನೇ ಸೀಳ್ತದೆ."

"ಆಯ್ತು ಸಾಬ್ರೇ, ನಾನು ಕೇಳೋದು ಶ್ರುತಿಪೆಟ್ಟಿಗೇನ. ಅದಕ್ಕೆ ಮಾಟ ತಟ್ಟಲ್ಲ, ಕರೆಂಟ್ ಇದ್ರೆ ಸಾಕು" ಎಂದು ಗೇಲಿ ಮಾಡಿ, ಹೊಸ ಕುದುರೆ ಕೂರಿಸಿದ ಪೆಟ್ಟಿಗೆ ಎತ್ತಿಕೊಂಡು ಹೊರಟ.

ಮರುದಿನ ಭಾನುವಾರ. ಸೋಮವಾರ ಬೆಳಿಗ್ಗೆ ಅವನ ಹೆಂಡತಿ ರಮ್ಯಾಗೆ ರೇಡಿಯೋದಲ್ಲಿ ಹಾಡುಗಾರಿಕೆಯ ಧ್ವನಿಪರೀಕ್ಷೆ. ಎರಡು ಸಲ ಫೇಲಾಗಿದ್ದಳು. ಇದು ಮೂರನೆಯದು, ಇದೇ ಕೊನೆ ಎಂದು ಅವಳೇ ತೀರ್ಮಾನಿಸಿದ್ದಳು. ಅವಳ ಜೊತೆ ನುಡಿಸಿ ಧೈರ್ಯ ತುಂಬಬೇಕೆಂದು ಸಿದ್ಧಾರ್ಥ ಮಧ್ಯಾಹ್ನವೇ ಸಂತೂರ್ ಶ್ರುತಿ ಮಾಡಲು ಕೂತ. ಫ್ಯಾಕ್ಟರಿಗಳ ಕಮಟು ವಾಸನೆ ಒಳಗೆ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಹಗಲಿನಲ್ಲೇ ಮನೆ ಕತ್ತಲಾಗಿತ್ತು.

ಮೊದಲ ತಂತಿಗೆ ಕೀಲಿ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಶ್ರುತಿಪೆಟ್ಟಿಗೆ ಗೊರಗೊರ ಎಂದು ಸತ್ತಿತು.

"ರಮ್ಯಾ, ಸಾ ಕೊಡು."

ಬೇಕೆಂದು ಹೇಳಿದ್ದಲ್ಲ. ಸಂಗೀತದ ಮನೆಗಳಲ್ಲಿ ಉಪ್ಪು ಕೊಡು, ನೀರು ಕೊಡು ಎಂದಷ್ಟೇ ಸಲೀಸಾಗಿ ಬಾಯಿಗೆ ಬರುವ ಮಾತು ಅದು. ರಮ್ಯಾ ಅಡುಗೆಮನೆಯಿಂದಲೇ ತುಂಬುಕಂಠದಲ್ಲಿ ಸಾ ಹಿಡಿದಳು. ಅವನು ಒಂದೊಂದಾಗಿ ಮೂರು ತಂತಿಗಳನ್ನು ಆ ಸ್ವರಕ್ಕೆ ಕೂರಿಸಿದ. ಮೂರೂ ಒಂದಾದ ಕ್ಷಣ ಕೋಣೆಯ ತುಂಬ ಅರಗು ಸುಟ್ಟ ವಾಸನೆ ಎದ್ದಿತು.

ಮೂರನೆಯ ತಂತಿಯನ್ನು ಒಂದು ಎಳೆಯಷ್ಟು ಬಿಗಿದ.

"ಕಾಫಿ ಮಾಡ್ಲೇನ್ರೀ?" ರಮ್ಯಾಳ ದನಿ ಮಗುವಿನ ದನಿಯಂತೆ ಕೀರಲಾಗಿತ್ತು. ಸಡಿಲಿಸಿದ. "ಅಯ್ಯೋ, ಏನಾಯ್ತು ನನ್ ಗಂಟ್ಲಿಗೆ?" ಈಗ ಅದು ಗಂಡಸಿನ ಗೊಗ್ಗರು ದನಿ.

ಅವಳು ಓಡಿಬಂದಳು. ಅವನು ಮತ್ತೆ ತಂತಿಯತ್ತ ಬಗ್ಗಿದ. ಮೊದಲಿದ್ದ ಜಾಗಕ್ಕೇ ತಂದರೆ ಸರಿಹೋದೀತು. ಕೀಲಿ ತಿರುಗಿಸಿದ. ಗಾಬರಿಯಲ್ಲಿ ಬಿಗಿ ಹೆಚ್ಚಾಯಿತು.

"ರೀ, ಸಾಕು, ನಿಲ್..."

ಟಣ್ಣೆಂದು ತಂತಿ ಹರಿಯಿತು. ರಮ್ಯಾಳ ಬಾಯಿ ಆಡುತ್ತಿತ್ತು. ಸದ್ದಿಲ್ಲ. ಅವನ ಕೈಯಿಂದ ಬಾರಿಸುವ ಕಡ್ಡಿ ಜಾರಿ, ಅವಳ ಸ್ವರಕ್ಕೆ ಕೂರಿಸಿದ್ದರಲ್ಲಿ ಉಳಿದ ಎರಡು ತಂತಿಗಳ ಮೇಲೆ ಬಿತ್ತು.

"...ಲ್ಸಿ!"

ಪೆಟ್ಟಿಗೆಯ ಒಳಗಿನಿಂದ ಬಂದದ್ದು ರಮ್ಯಾಳ ದನಿ. ಎದುರಿಗಿದ್ದ ರಮ್ಯಾ ಗಂಟಲು ಹಿಡಿದು ಕುಸಿದಳು.

ಸೋಮವಾರ ರೇಡಿಯೋದವರು ಯಾರ ಹೆಸರು ಕರೆದರೋ ಏನೋ, ಅವರಿಬ್ಬರೂ ಡಾಕ್ಟರ ಮುಂದೆ ಕೂತಿದ್ದರು. ಗಂಟಲಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಅಲ್ಲಿಂದ ಸಿದ್ಧಾರ್ಥ ನೇರ ಸಾಬರ ಹತ್ತಿರ ಓಡಿದ. ಈ ಸಲ ನಗಲಿಲ್ಲ.

"ಉಳ್ದಿರೋ ಎರ್ಡು ತಂತಿ ಮುಟ್ಬ್ಯಾಡಿ. ಹೊಡ್ದಂಗೆಲ್ಲ ಅಮ್ಮಾವ್ರಿಗೆ ನೋವಾಯ್ತದೆ" ಎಂದರು ಸಾಬರು.

"ಕತ್ತರಿಸಿದ್ರೆ?"

"ನೋವು ಹೋಯ್ತದೆ." ಸಾಬರು ತಲೆ ಎತ್ತಲಿಲ್ಲ. "ದನಿನೂ ಹೋಯ್ತದೆ, ಪೂರ್ತಿ."

ಪೆಟ್ಟಿಗೆಗೆ ಬೆಡ್‌ಶೀಟ್ ಸುತ್ತಿ ಅಟ್ಟಕ್ಕೆ ಹಾಕಿದ. ಹದಿನೈದು ದಿನ ತಡೆದ. ಮಾತಿಲ್ಲದ ಮನೆ ಅವನನ್ನು ಹಿಂಡಿತು. ಹದಿನಾರನೆಯ ದಿನ ಅವಳು ಬಟ್ಟೆ ಒಣಗಿಸಲು ಮಹಡಿಗೆ ಹೋದಾಗ ಇಳಿಸಿ, ಮೆಲ್ಲಗೆ, ಒಂದೇ ಒಂದು ಸಲ ಬಡಿದ.

"ಸಂಜೆ ಬೇಗ ಬನ್ನಿ" ಎಂದಿತು ಪೆಟ್ಟಿಗೆ.

ಸಿದ್ಧಾರ್ಥ ಅತ್ತುಬಿಟ್ಟ. ಅವಳಿಗೆ ನೋವಾಗುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ಮಾರನೇ ದಿನ ಬಡಿದ, ಅದರ ಮಾರನೇ ದಿನವೂ ಬಡಿದ. "ಊಟ ಆಯ್ತಾ?" "ಛತ್ರಿ ತಗೊಂಡ್ರಾ?" ಅಷ್ಟೇ ಮಾತು. ಅಷ್ಟಕ್ಕಾಗಿ ಅವನು ಕಳ್ಳನಾದ.

ಒಂದು ಮಧ್ಯಾಹ್ನ ಅವನು ತಂತಿ ಬಡಿದು ತಲೆ ಎತ್ತಿದಾಗ ಬಾಗಿಲಲ್ಲಿ ರಮ್ಯಾ ನಿಂತಿದ್ದಳು. ಸೆರಗಿನಲ್ಲಿ ಬಾಯಿಂದ ಬಂದ ರಕ್ತ. ಕೈಯಲ್ಲಿ ಅವನದೇ ಕಟಿಂಗ್ ಪ್ಲಯರ್. ಅದನ್ನು ಅವನತ್ತ ಚಾಚಿ, ತಂತಿಗಳನ್ನು ತೋರಿಸಿದಳು.

"ಬೇಡ ರಮ್ಯಾ. ಇನ್ನೊಂದೇ ಸಲ ಕೇಳ್ತೀನಿ, ಆಮೇಲೆ ನಾನೇ..."

ಅವಳು ಅವನ ಮುಖವನ್ನೇ ನೋಡಿದಳು. ಪಕ್ಕಕ್ಕೆ ತಳ್ಳಿದಳು. ಬಗ್ಗಿದಳು. ಒಂದು ತಂತಿ ಹೋಯಿತು. ಅರಗಿನ ಹೊಗೆ ಕಣ್ಣು ಕಟ್ಟಿತು. ಅವನು ಕೂಗಿದ. ಎರಡನೆಯದೂ ಹರಿಯಿತು.

ಹರಿಯುವಾಗ ಅದು ಒಂದೇ ಒಂದು ಮಾತಾಡಿತು.

"ಸಿದ್ಧಾರ್ಥ."

ಗಂಡನ ಹೆಸರು ಹೇಳಬಾರದೆಂದು ಎಂಟು ವರ್ಷದ ಸಂಸಾರದಲ್ಲಿ ರಮ್ಯಾ ಅವನನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ.