ಎರಡರಿಂದ ಶುರುವಾದ ಎಣಿಕೆ

ಮಾರ್ಚ್ 11, 2025, ಮಂಗಳವಾರ, ಬೆಳಿಗ್ಗೆ 10.20. ಕನಕಪುರದ ಹೊರಗಿನ ವಿಶ್ವವಿದ್ಯಾಲಯದ ರೋಗಾಣು ಪ್ರಯೋಗಾಲಯದಿಂದ ಡಾ. ಆಯಿಷಾ ಠಾಣೆಗೆ ಬಂದು ದೂರು ಕೊಟ್ಟರು. ಬಿಗಿ ಭದ್ರತೆಯ ಫ್ರೀಜರಿನಲ್ಲಿದ್ದ ಹದಿನೆಂಟು ಟ್ಯೂಬುಗಳಲ್ಲಿ ಒಂದು ಕಾಣೆ. ಉಣುಗು ಕಚ್ಚಿ ಬರುವ ಜ್ವರದಿಂದ ಸತ್ತವರ ರಕ್ತ. ಯಾರಾದರೂ ಮುಚ್ಚಳ ತೆಗೆದರೆ ಊರೇ ಹಾಸಿಗೆ ಹಿಡಿಯಬಹುದು ಎಂದರು. ಇನ್ಸ್‌ಪೆಕ್ಟರ್ ವರಲಕ್ಷ್ಮಿ ಎಫ್‌ಐಆರ್ ದಾಖಲಿಸಿ, ಅರ್ಧ ಕುಡಿದ ಕಾಫಿ ಬಿಟ್ಟು ಎದ್ದರು.

ಅಲ್ಲಿ ಪ್ರತಿ ಶುಕ್ರವಾರ ಒಬ್ಬರು ಮೈಮುಚ್ಚುವ ಉಡುಪು ತೊಟ್ಟು ಒಳಗೆ ಟ್ಯೂಬು ಎಣಿಸುತ್ತಾರೆ. ಹೊರಗೆ ಆಯಿಷಾ ಮೈಕಿನಲ್ಲಿ ಕೇಳಿ, ಕೊನೆಯ ಸಂಖ್ಯೆಯನ್ನು ರಿಜಿಸ್ಟರಿಗೆ ಬರೆಯುತ್ತಾರೆ. 7ರಂದು ಎಣಿಸಿದವನು ಸಹಾಯಕ ಕೆಂಪರಾಜು, ಉಯ್ಯಂಬಳ್ಳಿ ಕಡೆಯ ಕುರಿ ಸಾಕುವ ಮನೆಯವನು. ಲೆಕ್ಕ ಹದಿನೆಂಟು. ಅಂದು ಸಂಜೆಯೇ ರಜೆ ಹಾಕಿ ಊರಿಗೆ ಹೋಗಿದ್ದ. ಸೋಮವಾರ ಆಯಿಷಾ ತಾವೇ ಎಣಿಸಿದಾಗ ಹದಿನೇಳು. ಅನುಮಾನವೆಲ್ಲ ನಡುವೆ ಒಳಹೋಗಿದ್ದ ಮೂವರ ಮೇಲೆ. ಅವರನ್ನು ಮಧ್ಯಾಹ್ನದವರೆಗೆ ವಿಚಾರಿಸಿ ವರಲಕ್ಷ್ಮಿಗೆ ದಕ್ಕಿದ್ದು ತಲೆನೋವು.

2.30ಕ್ಕೆ ಮೈಕಿನ ಧ್ವನಿಮುದ್ರಣ ಹಾಕಿಸಿದರು. ಫೆಬ್ರವರಿಯದರಲ್ಲಿ ಕೆಂಪರಾಜು "ಲಾಭ, ಎರಡು, ಮೂರು" ಎಂದು ಎಣಿಸಿದ್ದ. ಸಾತನೂರಿನ ಕಣದಲ್ಲಿ ರಾಗಿ ಅಳೆಯುವಾಗ ವರಲಕ್ಷ್ಮಿಯ ತಂದೆಯೂ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. ಹೈದರಾಬಾದಿನ ಆಯಿಷಾ ಅದನ್ನು ಇಷ್ಟು ದಿನ "ಲ್ಯಾಬ್" ಅಂದುಕೊಂಡಿದ್ದರಂತೆ. ಎಣಿಕೆಗೆ ಮುಂಚೆ ಜಾಗದ ಹೆಸರು ಹೇಳುತ್ತಾನೆ, ಶಿಸ್ತಿನ ಮನುಷ್ಯ ಎಂದು ಮೆಚ್ಚಿಕೊಂಡೂ ಇದ್ದರು. ವರಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಮಾರ್ಚ್ 7ರದ್ದು ಹಾಕಿದಾಗ ನಗು ನಿಂತಿತು. ಅಂದು ಅವನು ಲಾಭ ಎನ್ನದೆ ನೇರ ಎರಡರಿಂದಲೇ ಶುರು ಮಾಡಿದ್ದ; ಅವನ ಬಾಯಲ್ಲಿ ಒಂದು ಎಂಬುದನ್ನು ಎಂದೂ ಕೇಳಿರದ ಆಯಿಷಾಗೆ ಅದು ಗೊತ್ತಾಗಿರಲಿಲ್ಲ. ಇದ್ದದ್ದು ಹದಿನೇಳು ಟ್ಯೂಬು, ಎಣಿಕೆ ಮುಗಿದದ್ದು ಹದಿನೆಂಟಕ್ಕೆ.

ಸಂಜೆ 5.10ಕ್ಕೆ ಕೆಂಪರಾಜು ತನ್ನೂರಿನ ಹೊಲದಲ್ಲೇ ಸಿಕ್ಕಿದ. ಓಡಲಿಲ್ಲ.

"ಟ್ಯೂಬು ಎಲ್ಲಿ?"

"ಮಣ್ಣಲ್ಲೈತೆ ಮೇಡಂ."

"ಮುಚ್ಚಳ ತೆಗೆದ್ಯಾ?"

"ಇಲ್ಲ. ಡಬ್ಬಿ ಸಮೇತ ಊತ್ಬುಟ್ಟೆ."

"ಯಾರಿಗೆ ಮಾರೋಕೆ?"

"ಮಾರಕ್ಕಲ್ಲ. ಅದು ನಮ್ಮಪ್ಪ."

5.25ಕ್ಕೆ ದಸ್ತಗಿರಿ ಮಾಡಿದರು. ಟ್ಯೂಬನ್ನು ಹೊರಗೆ ಹೇಗೆ ತಂದ ಎಂಬುದು ಅವನ ಹೇಳಿಕೆಯಲ್ಲಿದೆ. ಇಲ್ಲಿ ಬರೆದು ಇನ್ನೊಬ್ಬನಿಗೆ ದಾರಿ ತೋರಿಸುವುದು ಬೇಡ. ಏಕೆ ತಂದ ಎಂಬುದನ್ನು ಹೇಳಬಹುದು. ಅಪ್ಪ ಮುನಿಯಪ್ಪ ಡಿಸೆಂಬರಿನಲ್ಲಿ ಕಾಡಂಚಿನಲ್ಲಿ ಕುರಿ ಮೇಯಿಸಿ ಬಂದು ಜ್ವರ ಹಿಡಿದು ಆಸ್ಪತ್ರೆಯಲ್ಲಿ ಸತ್ತ. ಹೂಳುವ ಜನ ಅವರು. ಸೋಂಕಿನ ಭಯಕ್ಕೆ ಸಿಬ್ಬಂದಿ ಹೆಣವನ್ನು ಚೀಲದಲ್ಲಿ ಸುತ್ತಿ ಸುಟ್ಟರು, ಮನೆಯವರನ್ನು ದೂರ ನಿಲ್ಲಿಸಿದರು. ಫೆಬ್ರವರಿಯಲ್ಲಿ ಕೆಂಪರಾಜು ಅಪ್ಪನ ಆಸ್ಪತ್ರೆ ಚೀಟಿಯ ಸಂಖ್ಯೆಯನ್ನೇ ಒಂದು ಟ್ಯೂಬಿನ ಮೇಲೆ ಕಂಡ. ಸಂಶೋಧನೆ ಮುಗಿದಿತ್ತು, ಹದಿನೆಂಟನ್ನೂ ಸುಟ್ಟುಹಾಕಲು ಆದೇಶ ಬಂದಿತ್ತು. ಅಪ್ಪನನ್ನು ಎರಡನೇ ಸಲ ಸುಡಲು ಅವನಿಗೆ ಮನಸ್ಸಾಗಲಿಲ್ಲ. ಮನೆಯವರು ಶನಿವಾರ ಅದನ್ನು ಹೊಲದಲ್ಲಿ ಹೂತು, ಸೋಮವಾರ ಮೂರನೇ ದಿನದ ಕಾರ್ಯವೆಂದು ಗುಡ್ಡೆಯ ಮೇಲೆ ಹಾಲುತುಪ್ಪ ಬಿಟ್ಟಿದ್ದರು.

6.40ಕ್ಕೆ ಪಂಚರ ಮುಂದೆ, ಉಡುಪು ತೊಟ್ಟ ಇಬ್ಬರು ಅಗೆಯಲು ಬಂದರು. ಸುತ್ತ ಟೇಪು ಕಟ್ಟಿದರು. ಗುಡ್ಡೆಯ ಪಕ್ಕ ಕೂತಿದ್ದ ಕೆಂಪರಾಜುವಿನ ತಾಯಿ ಬೋರಮ್ಮ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ.

"ಅವತ್ತು ದೂರದಿಂದ್ಲೇ ನೋಡ್ದೆ ತಾಯಿ," ಎಂದಳು ವರಲಕ್ಷ್ಮಿಗೆ. "ಇವತ್ತು ಒಸಿ ಅತ್ರ ನಿಂತ್ಕತೀನಿ."

ಆಗಲಿ ಎನ್ನುವ ಅಧಿಕಾರ ವರಲಕ್ಷ್ಮಿಗಿರಲಿಲ್ಲ. ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿ, ಟೇಪಿನಾಚೆಗೆ ಕರೆದುಕೊಂಡು ಹೋಗಿ, ತಾವೂ ಅಲ್ಲೇ ನಿಂತರು.