ಬಿಸಿ ಆರುವ ತನಕ

"ಅಯ್ಯೋ, ಮುಟ್ಬೇಡಿ! ಕೈ ಸುಡ್ತದೆ!"

ಶುಭಶ್ರೀ ಕೂಗಿದ್ದಕ್ಕೆ ಆತ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಪೆಟ್ಟಿಗೆಯ ಮೇಲಿನ ಅಲ್ಯೂಮಿನಿಯಂ ಪಟ್ಟಿಗಳಿಗೆ ಅವನ ಬೆರಳು ಇನ್ನೇನು ತಾಗುವುದರಲ್ಲಿತ್ತು.

ತಲೆಯೆತ್ತಿ ಮುಖ ನೋಡಿದವಳ ಎದೆ ಧಸಕ್ಕೆಂದಿತು.

ಇವನೇ! ಫೋಟೋದಲ್ಲಿ ನೋಡಿದ ಅದೇ ಮುಖ... ಬೆಳ್ತಂಗಡಿಯ ಶಾಲೆಯಲ್ಲಿ ಮಾಷ್ಟ್ರು, ತಾಳಮದ್ದಳೆಯಲ್ಲಿ ಪದ ಹೇಳುವ ಭಾಗವತ. ಶಿವಕೃಷ್ಣ. ಜಾತಕ ಕೂಡಿಬಂದ ಮೇಲೆ, ತನ್ನನ್ನು ನೋಡಲೂ ಬಾರದೆ "ಈಗ ಮದುವೆ ಬೇಡ" ಎಂದು ಹೇಳಿ ಕಳಿಸಿದ ಮಹಾನುಭಾವ! ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ, ಹೇಳಿ?

"ಇದು ನಿಮ್ಮದಾ?" ಅವನ ದನಿ ಮೆಲ್ಲಗಿತ್ತು, ತುಸು ಒಡೆದಿತ್ತು.

"ಹೌದು. ನಾನೇ ಮಾಡಿದ ಆಂಪ್ಲಿಫೈಯರ್. ಒಳಗೊಂದು ಚಿಪ್ ಉಂಟು, ಅದು ಸಿಕ್ಕಾಪಟ್ಟೆ ಬಿಸಿ ಆಗ್ತದೆ. ಈ ಪಟ್ಟಿಗಳು ಆ ಬಿಸಿಯನ್ನು ಎಳೆದು ಗಾಳಿಗೆ ಬಿಡುವುದು."

"ಬಿಸಿ ಹೋಗದಿದ್ರೆ?"

"ತನ್ನ ಜೀವ ಉಳಿಸ್ಲಿಕ್ಕೆ ಅದು ಬಾಯಿ ಮುಚ್ಚಿ ಕೂತುಕೊಳ್ತದೆ. ಕೆಲವು ಮನುಷ್ಯರ ಹಾಗೆ!"

ಮಾತು ನಾಟಿತು. ಅವಳು ಯಾರೆಂದು ಅವನಿಗೂ ಗುರುತು ಸಿಕ್ಕಿ, ಮುಖ ಸಣ್ಣದಾಯಿತು.

ಮೂಡಬಿದಿರೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಪಾಠ ಮಾಡುವ ಶುಭಶ್ರೀಗೆ ಇದು ಕೂಸಿನಂಥ ಪೆಟ್ಟಿಗೆ. ಚಿಪ್‌ಗೂ ಅಲ್ಯೂಮಿನಿಯಂಗೂ ನಡುವೆ ಬಿಸಿ ದಾಟಿಸುವ ಪೇಸ್ಟನ್ನು ತೆಳ್ಳಗೆ ಸವರಿ, ಬಿಗಿ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಸವರಿ ಮಾಡಿದ್ದು. ಪಾಣೆಮಂಗಳೂರಿನ ಈ ಸಭಾಭವನದ ತಾಳಮದ್ದಳೆ ಕೂಟಕ್ಕೆ ಅದನ್ನೇ ತರಬೇಕೆಂದು ಹಟ ಹಿಡಿದವರು ಅರ್ಥಧಾರಿ ಬಾಲಸುಬ್ರಹ್ಮಣ್ಯ ಮಾವ.

ಶಿವಕೃಷ್ಣ ಹೋಗಲಿಲ್ಲ. ಗಂಟಲಿನ ಮೇಲೆ ಕೈಯಿಟ್ಟುಕೊಂಡು ನಿಂತ.

"ನನಗೆ ಗಂಟಲಿನ ಆಪರೇಶನ್ ಆಗಿದೆ. ಅದರ ನಂತರ ಪದ ಹೇಳ್ಲಿಕ್ಕೆ ಕೂತುಕೊಳ್ಳುವುದು ಇವತ್ತೇ. ಮೈಕ್ ಇದ್ದರೆ ಮೆಲ್ಲ ಹೇಳ್ಬಹುದು. ಚೆಂಡೆಯ ಮೇಲೆ ದನಿ ಏರಿಸಿದ್ರೆ ಮಾತ್ರ... ಇದ್ದ ದನಿಯೂ ಹೋಗ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ಪದ ಬಿಡಿ, ಶಾಲೆಯಲ್ಲಿ ಪಾಠವೂ ಆಗ್ಲಿಕ್ಕಿಲ್ಲ."

ಶುಭಶ್ರೀಯ ಸಿಟ್ಟು ಇಳಿಯಿತು. ಅಯ್ಯೋ, ಇವನಿಗೆ ಹೀಗಾಯಿತಾ?

"ನಿಮ್ಮ ಪೆಟ್ಟಿಗೆ ಕೈ ಕೊಡುವುದಿಲ್ಲ ಅಲ್ವಾ?"

"ಇಲ್ಲ," ಅಂದಳು. "ನಾನಿದ್ದೇನೆ."

ಮಧ್ಯಾಹ್ನದ ಸೆಕೆಯಲ್ಲಿ ಕೂಟ ಶುರುವಾಯಿತು. ಅವನು ಜಾಗಟೆ ಹಿಡಿದು ಮೆಲ್ಲನೆ ಪದ ಎತ್ತಿದ್ದೇ ತಡ, ಶುಭಶ್ರೀಯ ಮೈ ಜುಮ್ಮೆಂದಿತು. ಇಂಥ ದನಿಯೇ! ಬೇಡ ಅಂದವನ ಮೇಲೆ ಹೀಗೆ ಕರಗಬಾರದು ಮಾರಾಯ್ತಿ, ಎಂದು ತನಗೆ ತಾನೇ ಗದರಿಕೊಂಡಳು. ಮನಸ್ಸು ಕೇಳಬೇಕಲ್ಲ!

ಅಷ್ಟರಲ್ಲಿ ಮಾವನ ಹೆಂಡತಿ, ಅತ್ತೆ, ಬಂದು ಸನ್ಮಾನದ ಹರಿವಾಣವನ್ನು ಅವಳ ಕೈಗಿತ್ತರು. ಹಣ್ಣು, ಹಾರ, ದಪ್ಪ ಶಾಲು. ಪದ್ಯ ಮುಗಿದ ಮೇಲೆ ಭಾಗವತರಿಗೆ ಹೊದಿಸಬೇಕಾದದ್ದು. ಅದನ್ನು ನೆಲದ ಮೇಲೆ ಇಡುವ ಹಾಗಿಲ್ಲ. ಕಣ್ಣು ಅವನ ಮೇಲೆಯೇ ಇತ್ತು. ಪಕ್ಕದಲ್ಲಿ ಸಿಕ್ಕ ಎತ್ತರದ ಜಾಗದಲ್ಲಿ ಹರಿವಾಣ ಇಟ್ಟುಬಿಟ್ಟಳು.

ತನ್ನದೇ ಪೆಟ್ಟಿಗೆಯ ಮೇಲೆ! ಶಾಲು ಜಾರಿ ಅಲ್ಯೂಮಿನಿಯಂ ಪಟ್ಟಿಗಳನ್ನೆಲ್ಲ ಮುಚ್ಚಿತು. ಪುಣ್ಯಾತ್ಗಿತ್ತಿಗೆ ಅದು ಹೊಳೆಯಲೇ ಇಲ್ಲ.

ಪದ್ಯ ಏರುತ್ತಿತ್ತು, ಚೆಂಡೆ ಜೋರಾಯಿತು. ತಟ್ಟನೆ ಸ್ಪೀಕರಿನಲ್ಲಿ ಅವನ ದನಿ ಕಡಿಯಿತು. ಬಂತು. ಮತ್ತೆ ಕಡಿಯಿತು... ಪೂರ್ತಿ ನಿಂತುಹೋಯಿತು!

ಸಭೆಯೆಲ್ಲ ಅವನ ಬಾಯಿ ನೋಡುತ್ತಿತ್ತು. ಶಿವಕೃಷ್ಣ ಕಣ್ಣು ಮುಚ್ಚಿದ. ಎದೆ ತುಂಬ ಉಸಿರು ತೆಗೆದುಕೊಂಡ.

ದೇವರೇ... ಏರಿಸಲಿಕ್ಕೆ ಹೊರಟಿದ್ದಾನೆ!

"ಹೇಳ್ಬೇಡಿ!"

ವೇದಿಕೆಗೆ ಓಡಿದವಳು ಎಲ್ಲರೆದುರಿಗೆ ಅವನ ಕೈ ಹಿಡಿದುಬಿಟ್ಟಳು. ಜಾಗಟೆ ನಿಂತಿತು, ಚೆಂಡೆಯೂ ನಿಂತಿತು. ಯಾರೋ ಕಿಸಕ್ಕೆಂದರು. ಶಿವಕೃಷ್ಣನ ಕಿವಿ ಕೆಂಪಾಯಿತು.

"ಬಿಡಿ! ಪದ್ಯ ನಡುವಿನಲ್ಲಿ ಬಿಡ್ಲಿಕ್ಕಾಗುವುದಿಲ್ಲ."

"ನಾನು ಬಿಡುವುದಿಲ್ಲ! ಮಾವಾ, ನೀವು ಅರ್ಥ ಶುರು ಮಾಡಿ. ನಾನು ಹೇಳುವ ತನಕ ನಿಲ್ಲಿಸ್ಬೇಡಿ!"

ಮಾವನಿಗೆ ಅಷ್ಟು ಸಾಕಿತ್ತು. ಹಾಡಿದ ಪದ್ಯಕ್ಕೆ ಸ್ಥಳದಲ್ಲೇ ಮಾತು ಕಟ್ಟುವುದೇ ಅರ್ಥಧಾರಿಯ ಕೆಲಸ. ಮೈಕಿಲ್ಲದೆಯೇ ತಮ್ಮ ಪಾತ್ರವಾದ ದೂತನ ಮಾತು ಎತ್ತಿದರು, ಎದುರಾಳಿ ರಾಜನ ಮೂರು ತಲೆಮಾರನ್ನು ಜಾಲಾಡಿದರು.

ಕೆಳಗೆ ಓಡಿಬಂದು ಸ್ವಿಚ್ ಆರಿಸಿದಾಗಲೇ ಶುಭಶ್ರೀಗೆ ಕಂಡದ್ದು... ಶಾಲು! ಕಿತ್ತು ಎಸೆದಳು. ಪಟ್ಟಿಗಳಿಂದ ಬಿಸಿ ಮುಖಕ್ಕೆ ಹೊಡೆಯಿತು.

"ನೀರು ಹೊಯ್ಯುವುದಾ ಅಕ್ಕ?" ಖುರ್ಚಿ ಬಾಡಿಗೆಯ ಹಾಜಬ್ಬ ಚೆಂಬು ಹಿಡಿದು ಓಡಿಬಂದ.

"ಬೇಡ, ಬೇಡ! ಕರೆಂಟಿನ ಪೆಟ್ಟಿಗೆ! ಗಾಳಿ ಹಾಕಿ ಸಾಕು."

ಹಾಜಬ್ಬ ಒಂದು ಕಡೆ, ಅವಳು ಒಂದು ಕಡೆ. ಅಡಕೆ ಹಾಳೆಯ ಬೀಸಣಿಗೆ ಬೀಸಿದ್ದೇ ಬೀಸಿದ್ದು. ಆರು... ಬೇಗ ಆರು! ನನ್ನಿಂದ ಅವನ ದನಿ ಹೋದರೆ ನಾನು ಹೇಗೆ ಬದುಕಲಿ? ಕಣ್ಣೀರು ತನ್ನಷ್ಟಕ್ಕೇ ಇಳಿಯುತ್ತಿತ್ತು. ಮಾವನ ಗಂಟಲು ಒಣಗತೊಡಗಿತ್ತು.

ಕೊನೆಗೆ ಪಟ್ಟಿಯ ಮೇಲೆ ಅಂಗೈ ಇಟ್ಟು ನೋಡಿದಳು. ಇಡಬಹುದು! ಸ್ವಿಚ್ ಹಾಕಿ ವೇದಿಕೆಯತ್ತ ತಲೆಯಾಡಿಸಿದಳು.

ಶಿವಕೃಷ್ಣ ಮೆಲ್ಲ, ತೀರಾ ಮೆಲ್ಲ ಪದ ಎತ್ತಿದ. ಸ್ಪೀಕರು ಅದನ್ನು ಕೊನೆಯ ಸಾಲಿನ ತನಕ ಮುಟ್ಟಿಸಿತು. ಕೂಟ ಮುಗಿಯುವವರೆಗೂ ಶುಭಶ್ರೀ ಬೀಸಣಿಗೆ ಕೆಳಗಿಡಲಿಲ್ಲ.

ಜನ ಚಹಾಕ್ಕೆ ಎದ್ದರು. ಹೊರಗಿನ ಜಗಲಿಯಲ್ಲಿ ವಯರು ಸುತ್ತುತ್ತಿದ್ದವಳ ಹಿಂದೆ ಶಿವಕೃಷ್ಣ ಬಂದು ನಿಂತ.

"ತಪ್ಪು ನಂದು," ಅವಳು ತಿರುಗದೆ ಹೇಳಿದಳು. "ಹರಿವಾಣ ಅಲ್ಲಿ ಇಟ್ಟದ್ದು ನಾನೇ. ನಿಮ್ಮ ಪದ ಕೇಳ್ತಾ ಕೇಳ್ತಾ... ಬಯ್ಯಿರಿ ಬೇಕಾದ್ರೆ!"

"ಬಯ್ಲಿಕ್ಕೆ ದನಿ ಏರಿಸ್ಬೇಕು. ಡಾಕ್ಟರ್ ಬಿಡುವುದಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆಮೇಲೆ ಧೈರ್ಯವೂ ಬಂತು.

"ನನ್ನನ್ನು ಯಾಕೆ ಬೇಡ ಅಂದ್ರಿ? ವಯರು, ಸೋಲ್ಡರು ಅಂತ ಕೂತುಕೊಳ್ಳುವ ಹುಡುಗಿ ಅಂತಲಾ?"

"ಛೇ, ಅಲ್ಲ! ಆಗ ಆಪರೇಶನ್ ಆಗಿರ್ಲಿಲ್ಲ. ದನಿ ಉಳಿಯುತ್ತದಾ, ಕೆಲಸ ಉಳಿಯುತ್ತದಾ, ಗೊತ್ತಿರ್ಲಿಲ್ಲ. ಕಾರಣ ಹೇಳಿದ್ರೆ ನೀವು ಕನಿಕರಕ್ಕೆ ಹೂಂ ಅಂತೀರಿ ಅಂತ ಹೆದರಿದೆ."

"ನನ್ನ ಹೂಂ, ನನ್ನ ಬೇಡ... ಎಲ್ಲ ನೀವೇ ತೀರ್ಮಾನ ಮಾಡಿದ್ರಾ? ನನ್ನ ಹತ್ತಿರ ಒಂದು ಮಾತು ಕೇಳ್ಬಾರದಿತ್ತಾ?"

"ಕೇಳ್ಬೇಕಿತ್ತು. ನಂದು ದೊಡ್ಡ ತಪ್ಪು."

ಒಳಗೆ ಹಾಜಬ್ಬ ಖುರ್ಚಿಗಳನ್ನು ದಡಬಡ ಒಟ್ಟುತ್ತಿದ್ದ. ಶಿವಕೃಷ್ಣ ಇನ್ನೇನೋ ಹೇಳಿದ. ಆ ಗದ್ದಲದಲ್ಲಿ ಅವಳಿಗೆ ಒಂದೂ ಕೇಳಿಸಲಿಲ್ಲ.

"ಎಂತ? ಸ್ವಲ್ಪ ಗಟ್ಟಿ ಹೇಳಿ!"

ಅವನು ಗಂಟಲು ತೋರಿಸಿ ಇಲ್ಲವೆಂದು ತಲೆಯಾಡಿಸಿದ.

ಶುಭಶ್ರೀ ವಯರು ಕೆಳಗಿಟ್ಟು, ಅವನ ಉಸಿರು ಕಿವಿಗೆ ತಾಗುವಷ್ಟು ಹತ್ತಿರ ಬಂದಳು.

"ಈಗ ಹೇಳಿ."

"ಈಗ ನಿಮ್ಮನ್ನೇ ಕೇಳ್ತಾ ಇದ್ದೇನೆ... ನನ್ನನ್ನು ಮದುವೆ ಆಗ್ತೀರಾ?"

"ಆಗ್ತೇನೆ. ಇನ್ನು ಎಂತ ಇದ್ದರೂ ನನ್ನ ಹತ್ತಿರ ಹೇಳ್ಬೇಕು... ಇಷ್ಟೇ ಮೆಲ್ಲ. ನಾನು ಹತ್ತಿರ ಬರ್ತೇನೆ."